ಪಾಕಿಸ್ತಾನ ಬೇಕು ಅಂತ ಮೊದಲು ಕೇಳಿದ್ದು ಯಾರು? ನಮ್ಮ ಶಿವಮೊಗ್ಗದವರೂ ವೋಟು ಹಾಕಿದ್ದರಾ?

ಪ್ರಶ್ನೆ: ರಿಪ್ಪನ್‌ಪೇಟೆ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈಗ ಸ್ವಾತಂತ್ರ್ಯ ಹೋರಾಟದ ಪಾಠ ನಡೆಯುತ್ತಿದೆ. ದೇಶ ವಿಭಜನೆಯ ಭಾಗ ಓದಿ ಮುಗಿಸಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಪಾಕಿಸ್ತಾನ ಬೇಕು ಅಂತ ಎಲೆಕ್ಷನ್‌ನಲ್ಲಿ ವೋಟು ಹಾಕಿದ್ರಂತೆ. ನಮ್ಮ ಶಿವಮೊಗ್ಗದವ್ರೂ ಹಾಕಿದ್ರಾ?" ಅಂದ. ಕಿತಾಪತಿ ಪ್ರಶ್ನೆ ಅಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದು. ಆದರೆ ಅರ್ಧ ಕ್ಲಾಸು ಕಿಟಕಿ ಪಕ್ಕ ಕೂತಿದ್ದ ಇಬ್ಬರು ಮುಸ್ಲಿಂ ಹುಡುಗಿಯರ ಕಡೆ ತಿರುಗಿ ನೋಡಿತು. ಅವರು ತಲೆ ಎತ್ತದೆ ಪುಸ್ತಕದ ಹಾಳೆ ತಿರುವುತ್ತಾ ಕೂತರು.

ಸ್ಟಾಫ್ ರೂಮಿನಲ್ಲಿ ಕೇಳಿದೆ. ಒಬ್ಬರು 1906 ಅಂದರು, ಇನ್ನೊಬ್ಬರು ಕವಿ ಇಕ್ಬಾಲ್ ಅಂದರು, ಮತ್ತೊಬ್ಬರು ಎಲ್ಲಾ ಜಿನ್ನಾ ಒಬ್ಬರ ಹಟ ಅಂದರು. "ಪರೀಕ್ಷೆಗೆ ಬರೋದು ಎರಡು ಮಾರ್ಕ್ಸಿಗೆ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ" ಅಂದವರೂ ಇದ್ದಾರೆ.

ನನಗೆ ಬೇಕಾಗಿರೋದು ಇಷ್ಟು. ಬೇರೆ ದೇಶ ಬೇಕು ಅನ್ನೋ ಬೇಡಿಕೆ ನಿಜವಾಗಿ ಎಲ್ಲಿ, ಯಾರ ನಡುವೆ ಹುಟ್ಟಿತು? ಯಾಕೆ? ನಮ್ಮ ಮಲೆನಾಡಿಗೆ ಇದರಲ್ಲಿ ಏನಾದರೂ ಪಾಲಿತ್ತಾ? ಬೈಗುಳ ಬೇಡ. ತಿಳಿದವರು ಬರೆಯಿರಿ.

ಉತ್ತರ: ಆಗುಂಬೆ_ಬಸ್ಸು

1906, ಢಾಕಾ, ಮುಸ್ಲಿಂ ಲೀಗ್ ಸ್ಥಾಪನೆ. ಅಲ್ಲಿಂದ ನೇರ 1947. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಮೇಡಂ?

ಉತ್ತರ: ಕೊಳೆರೋಗ_ಮೇಷ್ಟ್ರು

ಬಸ್ಸು ಸ್ವಲ್ಪ ಸ್ಪೀಡಾಗಿ ಹೋಯಿತು. ನಡುವೆ ಬಹಳ ಸ್ಟಾಪ್‌ಗಳಿವೆ.

ನಾನು ತೀರ್ಥಹಳ್ಳಿ ಕಡೆಯವನು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆಗಿ ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಳೆ ಬಿಟ್ಟಿಲ್ಲ, ಬೋರ್ಡೋ ಔಷಧಿ ಹೊಡೆಯೋಕೆ ಆಗುತ್ತಿಲ್ಲ. ಹಾಗಾಗಿ ಬರೆಯೋಕೆ ಪುರುಸೊತ್ತಿದೆ, ಕರೆಂಟು ಇದ್ದಷ್ಟು ಹೊತ್ತು.

ಮೊದಲು ನಿಮ್ಮ ಹುಡುಗನಿಗೆ ನೇರ ಉತ್ತರ. ಇಲ್ಲ, ಹಾಕಿಲ್ಲ. ಹಾಕೋಕೆ ಅವಕಾಶವೇ ಇರಲಿಲ್ಲ. ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಲೀಗು, ಕಾಂಗ್ರೆಸ್ಸು ಎದುರುಬದುರು ನಿಂತ 1937ರ ಮತ್ತು 1945-46ರ ಚುನಾವಣೆಗಳು ನಡೆದದ್ದು ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತ್ಯಗಳಲ್ಲಿ. ಸಂಸ್ಥಾನದ ಪ್ರಜೆಗಳಿಗೆ ಅದರಲ್ಲಿ ಮತವಿರಲಿಲ್ಲ, ಹಿಂದೂ ಆಗಲಿ ಮುಸ್ಲಿಂ ಆಗಲಿ. ನಿಮ್ಮ ರಿಪ್ಪನ್‌ಪೇಟೆಯಿಂದ ಹೊಸನಗರ ದಾಟಿ ಹುಲಿಕಲ್ ಘಾಟಿ ಇಳಿದರೆ ಆಗ ಮದ್ರಾಸ್ ಪ್ರಾಂತ್ಯ. ಜೋಗದಿಂದ ಗೇರುಸೊಪ್ಪೆಗೆ ಇಳಿದರೆ ಬೊಂಬಾಯಿ ಪ್ರಾಂತ್ಯ. ಜೋಗದ ಆಚೆ ದಡದಲ್ಲಿರೋದನ್ನ ಬಾಂಬೆ ಬಂಗಲೆ ಅಂತ ಈಗಲೂ ಕರೆಯುತ್ತಾರಲ್ಲ, ಅದಕ್ಕೇ. ಅಲ್ಲಿ ಕೆಲವರಿಗೆ ವೋಟಿತ್ತು. ಎಲ್ಲರಿಗೂ ಅಲ್ಲ. ತೆರಿಗೆ ಕಟ್ಟಿರಬೇಕು, ಇಲ್ಲ ಆಸ್ತಿ ಇರಬೇಕು, ಇಲ್ಲ ಓದಿರಬೇಕು. 1937ರಲ್ಲಿ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಮತ ಇದ್ದವರು ಮೂರು ಕೋಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ಬೇಡಿಕೆಯ ವಿಷಯ. "ನಾವು ಬೇರೆ ಜನ" ಅನ್ನೋದು ಒಂದು ಮಾತು. "ನಮಗೆ ಬೇರೆ ದೇಶ ಕೊಡಿ" ಅನ್ನೋದು ಇನ್ನೊಂದು. ಮೊದಲನೆಯದು 1880ರ ದಶಕದಲ್ಲೇ ಕೇಳಿಸುತ್ತದೆ. ಎರಡನೆಯದನ್ನು ಒಂದು ಪಕ್ಷ ಅಂತ ಬಾಯಿಬಿಟ್ಟು ಕೇಳಿದ್ದು 1940ರಲ್ಲಿ. ಈ ಐವತ್ತು ವರ್ಷದ ನಡುವೆ ಏನಾಯಿತು ಅನ್ನೋದೇ ಪಾಠ.

ಶುರುವಾದದ್ದು ಇವತ್ತಿನ ಉತ್ತರ ಪ್ರದೇಶದಲ್ಲಿ. ಅಲ್ಲಿ ಮುಸ್ಲಿಮರು ಜನಸಂಖ್ಯೆಯಲ್ಲಿ ಸುಮಾರು 14%. ಆದರೆ ಕೋರ್ಟು, ಪೊಲೀಸು, ಕಂದಾಯ ಇಲಾಖೆಗಳಲ್ಲಿ ಅವರ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಹಳೇ ಆಡಳಿತಗಾರ ಮನೆತನಗಳು, ಉರ್ದು ಬಲ್ಲವರು. 1867ರ ಹೊತ್ತಿಗೆ ಬನಾರಸ್ಸಿನಲ್ಲಿ ಕೋರ್ಟಿನ ಭಾಷೆ ಹಿಂದಿಯಾಗಲಿ, ನಾಗರಿ ಲಿಪಿ ಬರಲಿ ಅಂತ ಚಳವಳಿ ಎದ್ದಿತು. 1900ರಲ್ಲಿ ಸರ್ಕಾರ ನಾಗರಿಗೂ ಅವಕಾಶ ಕೊಟ್ಟಿತು. ನಮಗೆ ಇದು ಲಿಪಿ ಜಗಳ ಅನ್ನಿಸಬಹುದು. ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತನಾಗಲು ಕಾಯುತ್ತಿದ್ದವನಿಗೆ ಅದು ಅನ್ನದ ಪ್ರಶ್ನೆ.

ಸರ್ ಸೈಯದ್ ಅಹ್ಮದ್ ಖಾನರು 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆದದ್ದು ಈ ವರ್ಗದ ಹುಡುಗರಿಗಾಗಿ. ಇಂಗ್ಲಿಷ್ ಕಲಿಯಿರಿ, ಸರ್ಕಾರದ ಜೊತೆ ಚೆನ್ನಾಗಿರಿ ಅಂತ. ಕಾಂಗ್ರೆಸ್ ಹುಟ್ಟಿದ ಮೇಲೆ 1887ರಲ್ಲಿ ಲಖನೌದಲ್ಲಿ, 1888ರಲ್ಲಿ ಮೀರತ್‌ನಲ್ಲಿ ಅದರ ವಿರುದ್ಧ ಭಾಷಣ ಮಾಡಿದರು. ಚುನಾವಣೆ ಬಂದರೆ ನಮ್ಮ ಒಂದು ವೋಟಿಗೆ ಹಿಂದೂಗಳದು ನಾಲ್ಕು, ಆಗ ನಮ್ಮ ಗತಿ ಏನು ಅನ್ನೋದು ಅವರ ವಾದ. ಇಬ್ಬರನ್ನೂ ಎರಡು ರಾಷ್ಟ್ರ ಅಂತಲೇ ಕರೆದರು. ಆದರೆ ಪರಿಹಾರವಾಗಿ ಅವರು ಕೇಳಿದ್ದು ಬೇರೆ ದೇಶವನ್ನಲ್ಲ. ಬ್ರಿಟಿಷರು ಇಲ್ಲೇ ಇರಲಿ ಅಂತ ಕೇಳಿದರು!

ಬಸ್ಸಿನವರ 1906ಕ್ಕೆ ಬರೋಣ. ಅಕ್ಟೋಬರ್ 1ರಂದು ಆಗಾ ಖಾನರ ಮುಂದಾಳತ್ವದಲ್ಲಿ ಒಂದು ನಿಯೋಗ ಸಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋರನ್ನು ಕಂಡಿತು. ನವಾಬರು, ಜಮೀನ್ದಾರರು, ವಕೀಲರು. ಕೇಳಿದ್ದು ಸೀಟು, ನೌಕರಿ. ಡಿಸೆಂಬರ್ 30ರಂದು ಢಾಕಾದಲ್ಲಿ ಲೀಗ್ ಹುಟ್ಟಿದಾಗ ಅದರ ಉದ್ದೇಶಗಳಲ್ಲಿ ಒಂದು ಬ್ರಿಟಿಷ್ ಸರ್ಕಾರದ ಮೇಲೆ ಮುಸ್ಲಿಮರ ನಿಷ್ಠೆ ಬೆಳೆಸೋದು. ದೇಶ ಒಡೆಯೋಕೆ ಹೊರಟವರು ಆಡೋ ಮಾತಲ್ಲ, ಅಲ್ವಾ?

1909ರಲ್ಲಿ ಪ್ರತ್ಯೇಕ ಮತಕ್ಷೇತ್ರ ಬಂತು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಇವತ್ತಿನ ಮೀಸಲು ಕ್ಷೇತ್ರದ ಥರ ಅಲ್ಲ ಅದು. ಮೀಸಲು ಕ್ಷೇತ್ರದಲ್ಲಿ ನಿಲ್ಲೋನು ಒಂದು ಸಮುದಾಯದವನು, ಓಟು ಹಾಕೋರು ಎಲ್ಲರೂ. ಪ್ರತ್ಯೇಕ ಮತಕ್ಷೇತ್ರದಲ್ಲಿ ನಿಲ್ಲೋನೂ ಮುಸ್ಲಿಂ, ಹಾಕೋರೂ ಮುಸ್ಲಿಮರೇ. ಪಕ್ಕದ ಮನೆಯ ಹಿಂದೂ ಏನಂದುಕೊಂಡರೂ ಅಭ್ಯರ್ಥಿಗೆ ಲಾಭವಿಲ್ಲ, ನಷ್ಟವೂ ಇಲ್ಲ. ಆ ಕಡೆಯವನಿಗೂ ಅಷ್ಟೇ. ಇಂಥ ಏರ್ಪಾಟಿನಲ್ಲಿ ಮೂವತ್ತೈದು ವರ್ಷ ರಾಜಕೀಯ ಮಾಡಿದ ಮೇಲೆ ನಾಯಕರಿಗೆ ಎದುರು ಸಮುದಾಯದ ಬಾಗಿಲು ಬಡಿಯೋ ಅಭ್ಯಾಸವೇ ತಪ್ಪಿಹೋಗುತ್ತದೆ.

1916ರ ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ಸೇ ಇದನ್ನು ಒಪ್ಪಿಕೊಂಡಿತು. ತಿಲಕರೂ ಇದ್ದರು, ಜಿನ್ನಾರೂ ಇದ್ದರು. ಅವತ್ತಿನ ಲೆಕ್ಕ ನೋಡಿ. ಉತ್ತರ ಪ್ರದೇಶದಲ್ಲಿ 14% ಇದ್ದ ಮುಸ್ಲಿಮರಿಗೆ 30% ಸೀಟು. ಬಂಗಾಳದಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದವರಿಗೆ 40%. ಪಂಜಾಬಿನಲ್ಲೂ ಅವರೇ ಬಹುಸಂಖ್ಯಾತರು, ಸಿಕ್ಕಿದ್ದು 50%. ಅಂದರೆ ಲಖನೌ, ಅಲೀಗಢದವರಿಗೆ ಜಾಸ್ತಿ ಸಿಗಲಿ ಅಂತ ಬಂಗಾಳದ, ಪಂಜಾಬಿನ ಮುಸ್ಲಿಮರ ಪಾಲು ಕತ್ತರಿಸಿದರು. ಮುಸ್ಲಿಂ ರಾಜಕೀಯದ ಲಗಾಮು ಯಾರ ಕೈಯಲ್ಲಿತ್ತು ಅನ್ನೋದು ಈ ಮೂರು ಅಂಕಿಗಳಲ್ಲೇ ಇದೆ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇದು.

ಇಕ್ಬಾಲ್ 1930ರಲ್ಲಿ ಅಲಹಾಬಾದಿನಲ್ಲಿ ಪಂಜಾಬ್, ವಾಯವ್ಯ ಗಡಿ ಪ್ರಾಂತ್ಯ, ಸಿಂಧ್, ಬಲೂಚಿಸ್ತಾನ ಸೇರಿಸಿ ಒಂದು ರಾಜ್ಯವಾಗಲಿ ಅಂದರು. ಬಂಗಾಳ ಅದರಲ್ಲಿ ಇರಲಿಲ್ಲ. 1933ರ ಜನವರಿಯಲ್ಲಿ ಕೇಂಬ್ರಿಜ್‌ನಲ್ಲಿದ್ದ ಚೌಧರಿ ರಹಮತ್ ಅಲಿ ಅನ್ನೋರು ಪಾಕ್‌ಸ್ತಾನ್ ಅಂತ ಹೆಸರಿಟ್ಟು ಕರಪತ್ರ ಹಂಚಿದರು. ಆಗ ಲೀಗಿನ ನಾಯಕರೇ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ತಿರುವು 1937. ಮುಸ್ಲಿಮರಿಗಿದ್ದ ಸುಮಾರು 480 ಸೀಟುಗಳಲ್ಲಿ ಲೀಗಿಗೆ ಬಂದದ್ದು 110ರ ಒಳಗೆ. ವಾಯವ್ಯ ಗಡಿಯಲ್ಲಿ ಒಂದೂ ಇಲ್ಲ. ಪಂಜಾಬಿನಲ್ಲಿ ಗೆದ್ದದ್ದು ಇಬ್ಬರು, ಅವರಲ್ಲೂ ಒಬ್ಬ ಬೇಗನೆ ಪಕ್ಷ ಬಿಟ್ಟ. ಅಂದರೆ ಮುಂದೆ ಪಶ್ಚಿಮದಲ್ಲಿ ಯಾವ ಜಾಗ ಪಾಕಿಸ್ತಾನ ಆಯಿತೋ ಅಲ್ಲಿ ಲೀಗಿಗೆ ನೆಲೆಯೇ ಇರಲಿಲ್ಲ. ಅದಕ್ಕೆ ಮರ್ಯಾದೆ ಇದ್ದದ್ದು ಮತ್ತೆ ಉತ್ತರ ಪ್ರದೇಶದಂಥ ಕಡೆ. ಅಲ್ಲಿ ಕಾಂಗ್ರೆಸ್ಸಿಗೆ ಸ್ವಂತ ಬಹುಮತ ಬಂತು. ಲೀಗಿನವರು ಮಂತ್ರಿಮಂಡಲದಲ್ಲಿ ಪಾಲು ಕೇಳಿದರು. ನಿಮ್ಮ ಶಾಸಕಾಂಗ ಗುಂಪನ್ನು ಮುಚ್ಚಿ ನಮ್ಮೊಳಗೆ ಬನ್ನಿ ಅಂತ ಕಾಂಗ್ರೆಸ್ ಷರತ್ತು ಹಾಕಿತು. ಮಾತುಕತೆ ಮುರಿಯಿತು. ಷರತ್ತು ತಪ್ಪಾ ಸರಿಯಾ ಅನ್ನೋದು ಬೇರೆ ಜಗಳ. ಲೀಗಿನವರಿಗೆ ಮಾತ್ರ ಒಂದು ವಿಷಯ ಮನದಟ್ಟಾಯಿತು: 30% ಸೀಟು ಇಟ್ಟುಕೊಂಡರೂ ಬಹುಮತದ ಮುಂದೆ ಅದಕ್ಕೆ ಬೆಲೆ ಇಲ್ಲ. ಹಾಗಾದರೆ ನಮ್ಮ ಬಹುಮತ ಎಲ್ಲಿದೆ ಅಂತ ನಕ್ಷೆ ಬಿಡಿಸಿ ನೋಡಿದರು.

1939ರ ಕೊನೆಗೆ ಯುದ್ಧದ ಕಾರಣಕ್ಕೆ ಕಾಂಗ್ರೆಸ್ ಮಂತ್ರಿಗಳು ರಾಜೀನಾಮೆ ಕೊಟ್ಟರು. ಜಿನ್ನಾ ಡಿಸೆಂಬರ್ 22ರಂದು ವಿಮೋಚನಾ ದಿನ ಆಚರಿಸಿ ಅಂದರು. ಮೂರು ತಿಂಗಳಿಗೆ ಲಾಹೋರ್ ಅಧಿವೇಶನ, 1940ರ ಮಾರ್ಚ್. ನಿರ್ಣಯ ಮಂಡಿಸಿದ್ದು ಬಂಗಾಳದ ಫಜ್ಲುಲ್ ಹಕ್. ಅದರಲ್ಲಿ ಪಾಕಿಸ್ತಾನ ಅನ್ನೋ ಹೆಸರೇ ಇಲ್ಲ. ವಾಯವ್ಯ ಮತ್ತು ಪೂರ್ವದ ಮುಸ್ಲಿಂ ಬಹುಸಂಖ್ಯಾತ ಪ್ರದೇಶಗಳನ್ನು ಸೇರಿಸಿ ಸ್ವತಂತ್ರ ರಾಜ್ಯಗಳಾಗಲಿ ಅಂತ ಇದೆ. ರಾಜ್ಯ ಅಲ್ಲ, ರಾಜ್ಯಗಳು. ಅದನ್ನು ಒಂದೇ ದೇಶ ಅಂತ ಮಾಡಿದ್ದು 1946ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ.

ಕರೆಂಟ್ ಹೋಯಿತು. ಮೊಬೈಲಿನಲ್ಲಿ ಇಷ್ಟು ಸಾಕು.

ಉತ್ತರ: ಹಿಸ್ಸೆ_ವಕೀಲ, ಸಾಗರ

ಮೇಷ್ಟ್ರೇ, ಚೆನ್ನಾಗಿದೆ. ಆದರೆ ಇಷ್ಟೆಲ್ಲಾ ಯಾಕೆ? ನನ್ನ ಕಡೆ ಬರೋ ಕೇಸುಗಳೆಲ್ಲಾ ಇದೇ. ತಮ್ಮನಿಗೆ ಅಣ್ಣನ ಯಜಮಾನಿಕೆ ಬೇಡ, ತೋಟ ಪಾಲು ಮಾಡಿ ಅಂತಾನೆ. ನಡುವೆ ಒಬ್ಬ ಊರ ಪಂಚಾಯ್ತಿದಾರ ಇಬ್ಬರಿಗೂ ಕಿವಿ ಊದ್ತಾನೆ. ಇಲ್ಲಿ ಪಂಚಾಯ್ತಿದಾರ ಬ್ರಿಟಿಷ್. ಅವನು ಇಲ್ಲದಿದ್ದರೆ ಪಾಲೂ ಇಲ್ಲ, ಪಾಕಿಸ್ತಾನವೂ ಇಲ್ಲ.

ಉತ್ತರ: ಗಾಂಧಿಬಜಾರ್_ಟೈಲರ್

ನಾನು ಶಿವಮೊಗ್ಗ ಗಾಂಧಿ ಬಜಾರಿನವನು. ಮನೆಮಾತು ಉರ್ದು, ವ್ಯಾಪಾರ ಕನ್ನಡ. ಟೀಚರ್ ಕ್ಲಾಸಿನ ಆ ಇಬ್ಬರು ಹುಡುಗಿಯರ ಪರಿಸ್ಥಿತಿ ನನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ ಹಾಗೆ ನಮ್ಮ ಅಪ್ಪನ ಕಡೆಯವರು ಮೈಸೂರು ಸಂಸ್ಥಾನದವರು, ವೋಟಿನ ಗೋಜೇ ಇಲ್ಲ. ಆದರೆ ನಮ್ಮಜ್ಜಿಯ ತವರು ಹುಬ್ಬಳ್ಳಿ. ಅದು ಬೊಂಬಾಯಿ ಪ್ರಾಂತ್ಯ. ಅಜ್ಜಿಯ ಅಪ್ಪನಿಗೆ ಬಟ್ಟೆ ವ್ಯಾಪಾರ ಇತ್ತು. ಅವರ ಟ್ರಂಕಿನಲ್ಲಿ ತೆರಿಗೆ ರಸೀದಿಗಳನ್ನು ದಬ್ಬಣದಲ್ಲಿ ಚುಚ್ಚಿ, ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಚಿಕ್ಕವನಿದ್ದಾಗ ನಾನು ಅದನ್ನು ಹಾರ ಅಂತ ಕೊರಳಿಗೆ ಹಾಕಿಕೊಂಡು ಏಟು ತಿಂದಿದ್ದೇನೆ. ಆ ಕಾಗದಗಳೇ ಅವರನ್ನು ಮತದಾರರನ್ನಾಗಿ ಮಾಡಿದ್ದು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

1946ರಲ್ಲಿ ಅವರು ಲೀಗಿಗೇ ಹಾಕಿದರಂತೆ. ಮುಚ್ಚಿಡೋದು ಏನಿದೆ, ಬೊಂಬಾಯಿ ಪ್ರಾಂತ್ಯದ ಮುಸ್ಲಿಂ ಸೀಟುಗಳನ್ನೆಲ್ಲ ಲೀಗೇ ಬಾಚಿಕೊಂಡಿತು, ಮದ್ರಾಸಿನಲ್ಲೂ ಹಾಗೇ. ಯಾಕೆ ಹಾಕಿದಿರಿ ಅಂತ ಅಜ್ಜಿ ಒಮ್ಮೆ ಕೇಳಿದ್ದರಂತೆ. "ನಮ್ಮ ಪರವಾಗಿ ಮಾತಾಡೋಕೆ ದಿಲ್ಲಿಯಲ್ಲಿ ಒಬ್ಬ ವಕೀಲ ಬೇಕಲ್ಲ" ಅಂದರಂತೆ. ಲಾಹೋರ್‌ಗೆ ಹೋಗೋ ಯೋಚನೆ ಅವರಿಗೆ ಕನಸಲ್ಲೂ ಇರಲಿಲ್ಲ. ಹುಬ್ಬಳ್ಳಿಯಲ್ಲೇ ಅಂಗಡಿ ನಡೆಸಿದರು, ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಬೊಂಬಾಯಿ, ಮದ್ರಾಸಿನ ಮತದಾರರಿಗೆ ತಮ್ಮ ಊರು ಆ ದೇಶದೊಳಗೆ ಬರಲ್ಲ ಅನ್ನೋದು ಗೊತ್ತಿತ್ತಾ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಲಾಹೋರ್ ನಿರ್ಣಯವನ್ನು ಲೀಗಿನ ಸಂವಿಧಾನದಲ್ಲಿ ಸೇರಿಸಿದ್ದೇ 1941ರಲ್ಲಿ, ಮದ್ರಾಸ್ ಅಧಿವೇಶನದಲ್ಲಿ. ಪಾಕಿಸ್ತಾನ ಬರೋದೇ ಸಾಧ್ಯವಿಲ್ಲದ ಊರಲ್ಲಿ!

ಇನ್ನೊಂದು ಕಡೆಯೂ ಪಾಠದಲ್ಲಿ ಬರಲಿ. ಬೇಡ ಅಂದ ಮುಸ್ಲಿಮರೂ ಕಡಿಮೆ ಇರಲಿಲ್ಲ. ದೇವಬಂದಿನ ಹುಸೇನ್ ಅಹ್ಮದ್ ಮದನಿ, ಅವರ ಜಮೀಯತ್ ಉಲಮಾ. ಅಂದರೆ ಗಡ್ಡ, ಜುಬ್ಬಾದ ಮೌಲಾನಾಗಳು ಅಖಂಡ ಭಾರತದ ಕಡೆ, ಸೂಟು ಹಾಕಿದ ಬ್ಯಾರಿಸ್ಟರ್ ಪಾಕಿಸ್ತಾನದ ಕಡೆ. ಇದು ಗೊತ್ತಾದರೆ ಮಕ್ಕಳ ತಲೆಯಲ್ಲಿರೋ ಚಿತ್ರ ಸ್ವಲ್ಪ ಅಲುಗಾಡುತ್ತದೆ. ವಾಯವ್ಯ ಗಡಿಯಲ್ಲಿ ಖಾನ್ ಅಬ್ದುಲ್ ಗಫಾರ್ ಖಾನ್. ಸಿಂಧ್‌ನಲ್ಲಿ ಅಲ್ಲಾ ಬಕ್ಷ್ ಸೂಮ್ರೋ, 1940ರ ಏಪ್ರಿಲ್‌ನಲ್ಲೇ ದೆಹಲಿಯಲ್ಲಿ ಲಾಹೋರ್ ನಿರ್ಣಯದ ವಿರುದ್ಧ ದೊಡ್ಡ ಸಮ್ಮೇಳನ ನಡೆಸಿದವರು. 1940ರಿಂದ 46ರವರೆಗೆ ಕಾಂಗ್ರೆಸ್ ಅಧ್ಯಕ್ಷರೇ ಮೌಲಾನಾ ಆಜಾದ್. ನಮ್ಮ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಕೂಡ ದೇಶ ಒಡೆಯೋದನ್ನ ಒಪ್ಪಿದವರಲ್ಲ.

ವಕೀಲರೇ, ನಿಮ್ಮ ಹೋಲಿಕೆಯಲ್ಲಿ ನಮ್ಮ ಮುತ್ತಜ್ಜ ಯಾರು? ಅಣ್ಣನಾ, ತಮ್ಮನಾ?

ಉತ್ತರ: ಕೊಳೆರೋಗ_ಮೇಷ್ಟ್ರು

ಟೈಲರ್ ಸಾಹೇಬರೇ, ಆ ರಸೀದಿಗಳು ಇನ್ನೂ ಇದ್ದರೆ ಗೆದ್ದಲು ಹತ್ತದ ಕಡೆ ಇಡಿ. ನಮ್ಮ ಮಳೆಗೆ ಕಾಗದ ಉಳಿಯಲ್ಲ.

ವಕೀಲರ ಪಾಲಿನ ಕೇಸು ಇಲ್ಲಿ ನಿಲ್ಲಲ್ಲ. ತೋಟ ಪಾಲಾದರೆ ಕೇಳಿದ ತಮ್ಮನಿಗೆ ತೋಟ ಸಿಗುತ್ತದೆ. ಇಲ್ಲಿ ಜೋರಾಗಿ ಕೇಳಿದವರು ಲಖನೌ, ಅಲೀಗಢ, ಪಟ್ನಾದಲ್ಲಿದ್ದರು. ಸಿಕ್ಕಿದ್ದು ಲಾಹೋರಿನಲ್ಲಿ, ಢಾಕಾದಲ್ಲಿ. ಒಂದಷ್ಟು ಜನ ಗಂಟುಮೂಟೆ ಕಟ್ಟಿ ಕರಾಚಿಗೆ ಹೋದರು. ಹೆಚ್ಚಿನವರು ಇದ್ದಲ್ಲೇ ಉಳಿದರು. 1951ರ ಜನಗಣತಿಯಲ್ಲಿ ಭಾರತದಲ್ಲಿ ಮುಸ್ಲಿಮರು ಸುಮಾರು ಮೂರೂವರೆ ಕೋಟಿ.

ಬ್ರಿಟಿಷರ ಪಾಲು ಇಲ್ಲ ಅಂತ ನಾನು ಹೇಳಲ್ಲ. ಪ್ರತ್ಯೇಕ ಮತಕ್ಷೇತ್ರ ಕೊಟ್ಟವರು ಅವರೇ. 1940ರ ಆಗಸ್ಟಿನಲ್ಲಿ, ದೊಡ್ಡ ಸಮುದಾಯಗಳು ಒಪ್ಪದ ಯಾವ ವ್ಯವಸ್ಥೆಗೂ ಅಧಿಕಾರ ಬಿಟ್ಟುಕೊಡಲ್ಲ ಅಂತ ಹೇಳಿ ಲೀಗಿನ ಕೈಗೆ ಬೇಡ ಅನ್ನೋ ಅಧಿಕಾರ ಕೊಟ್ಟವರೂ ಅವರೇ. ಯುದ್ಧಕ್ಕೆ ಸೈನಿಕರು ಬೇಕಿತ್ತು, ಪಂಜಾಬ್ ಬೇಕಿತ್ತು. ಆದರೆ ಕಿವಿ ಊದಿದರು ಅಂತ ಹೇಳಿ ಕೈತೊಳೆದುಕೊಂಡರೆ ನಮ್ಮವರು ಮಾಡಿದ್ದೆಲ್ಲ ಮರೆತುಹೋಗುತ್ತದೆ. ಪಂಜಾಬನ್ನು ಹಿಂದೂ ಪಂಜಾಬ್, ಮುಸ್ಲಿಂ ಪಂಜಾಬ್ ಅಂತ ಒಡೆಯಬಹುದು ಅಂತ 1924ರಲ್ಲೇ ಪತ್ರಿಕೆಯಲ್ಲಿ ಬರೆದವರು ಲಾಲಾ ಲಜಪತ್ ರಾಯ್. 1937ರಲ್ಲಿ ಅಹಮದಾಬಾದಿನ ಹಿಂದೂ ಮಹಾಸಭಾ ಅಧ್ಯಕ್ಷ ಭಾಷಣದಲ್ಲಿ ಎರಡು ರಾಷ್ಟ್ರಗಳಿವೆ ಅಂದವರು ಸಾವರ್ಕರ್. ಅವರು ದೇಶ ಒಡೆಯಿರಿ ಅನ್ನಲಿಲ್ಲ, ಅದೂ ನಿಜ. 1928ರ ಕೊನೆಗೆ ಕಲ್ಕತ್ತಾದ ಸರ್ವಪಕ್ಷ ಸಮ್ಮೇಳನದಲ್ಲಿ ಜಿನ್ನಾ, ಕೇಂದ್ರ ಶಾಸನಸಭೆಯ ಮೂರನೇ ಒಂದು ಪಾಲು ಸೀಟು ಮುಸ್ಲಿಮರಿಗೆ ಬೇಕು ಅಂತ ಕೇಳಿದರು. ಸಮ್ಮೇಳನ ತಳ್ಳಿಹಾಕಿತು. ಆ ಜಿನ್ನಾ ಇನ್ನೂ ಒಂದೇ ದೇಶದ ಒಳಗೆ ಚೌಕಾಸಿ ಮಾಡುತ್ತಿದ್ದ ಜಿನ್ನಾ.

ನಮ್ಮಲ್ಲಿ ಯಾಕೆ ಇದು ಬೆಳೆಯಲಿಲ್ಲ ಅನ್ನೋದು ನನಗೆ ಇನ್ನೂ ಕುತೂಹಲದ ವಿಷಯ. ಮಲೆನಾಡಿನವರು ಸಾಧುಗಳು ಅನ್ನೋ ಉತ್ತರ ಬೇಡ, ನಮ್ಮೂರಿನ ಬೇಲಿ ಜಗಳ ನೋಡಿದವರು ಹಾಗನ್ನಲ್ಲ. ಮೈಸೂರು ಸಂಸ್ಥಾನದಲ್ಲೂ ನೌಕರಿ ಜಗಳ ಜೋರಾಗೇ ಇತ್ತು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ನೌಕರಿ ಪಾಲಿನ ಪ್ರಶ್ನೆಗೆ ಮಿಲ್ಲರ್ ಸಮಿತಿ ನೇಮಕವಾಯಿತು. ಆದರೆ ಇಲ್ಲಿ ಗೆರೆ ಎಳೆದದ್ದು ಎಲ್ಲಿ ನೋಡಿ. ಸರ್ಕಾರಿ ಕಚೇರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಅಂತ. ಆ ಉಳಿದವರಲ್ಲಿ ಒಕ್ಕಲಿಗರು, ಲಿಂಗಾಯತರ ಜೊತೆ ಮುಸ್ಲಿಮರೂ ಇದ್ದರು. ಮಿಲ್ಲರ್ ಸಮಿತಿಯ ಹಿಂದುಳಿದವರ ಲೆಕ್ಕದಲ್ಲಿ ಅವರೂ ಸೇರಿದರು. ಉತ್ತರ ಪ್ರದೇಶದ ಮುಸ್ಲಿಂ ಮೇಲ್ವರ್ಗ ಇದ್ದ ಕುರ್ಚಿ ಕಳೆದುಕೊಳ್ಳೋ ಭಯದಲ್ಲಿತ್ತು. ಇಲ್ಲಿನ ಮುಸ್ಲಿಮರು ಇನ್ನೂ ಸಿಗದ ಕುರ್ಚಿಗಾಗಿ ಪಕ್ಕದ ಗೌಡರ ಜೊತೆ ಸೇರಿ ಅರ್ಜಿ ಹಾಕುತ್ತಿದ್ದರು. ಜಗಳದ ಗೆರೆ ಧರ್ಮದ ಮೇಲೆ ಬೀಳಲಿಲ್ಲ.

ಬಂಗಾಳಕ್ಕೆ ನಮ್ಮ ಸಾಗರದಿಂದಲೇ ಒಂದು ದಾರಿ ಇದೆ. 1951ರ ಕಾಗೋಡು ಸತ್ಯಾಗ್ರಹ ವಕೀಲರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೇಣಿ ಭತ್ತ ಅಳೆಯೋ ಕೊಳಗದಿಂದ ಶುರುವಾದ ಜಗಳ. ಗೇಣಿದಾರರು ಹೆಚ್ಚಾಗಿ ದೀವರು, ಒಡೆಯರು ಮೇಲುಜಾತಿಯವರು. ಇಬ್ಬರೂ ಹಿಂದೂಗಳೇ. ಹಾಗಾಗಿ ಅದು ಭೂಮಿಯ ಜಗಳವಾಗಿಯೇ ಉಳಿಯಿತು, ಲೋಹಿಯಾ ಬಂದು ಅರೆಸ್ಟ್ ಆದರು, ಮುಂದೆ ಉಳುವವನೇ ಹೊಲದೊಡೆಯ ಅನ್ನೋ ಕಾನೂನಿನವರೆಗೆ ಹೋಯಿತು. ಪೂರ್ವ ಬಂಗಾಳದಲ್ಲಿ ಉಳುವವರು ಹೆಚ್ಚಾಗಿ ಮುಸ್ಲಿಮರು, ಜಮೀನ್ದಾರರು, ಸಾಲ ಕೊಡೋ ಮಹಾಜನರು ಹೆಚ್ಚಾಗಿ ಹಿಂದೂಗಳು. ಫಜ್ಲುಲ್ ಹಕ್ 1937ರಲ್ಲಿ ಗೆದ್ದು ಬಂದದ್ದು ಕೃಷಕ ಪ್ರಜಾ ಪಕ್ಷದಿಂದ, ಜಮೀನ್ದಾರಿ ಹೋಗಲಿ ಅನ್ನೋ ಮಾತಿನಿಂದ. ಆ ರೈತನಿಗೆ ಪಾಕಿಸ್ತಾನ ಅಂದರೆ ಜಮೀನ್ದಾರ ಇಲ್ಲದ ಊರು ಅಂತ ಕೇಳಿಸಿತು. ಅಲೀಗಢದ ಹುಡುಗನಿಗೆ ಕಲೆಕ್ಟರ್ ಕುರ್ಚಿ ಅಂತ ಕೇಳಿಸಿತು. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗೆ ದಿಲ್ಲಿಯಲ್ಲಿ ಒಬ್ಬ ವಕೀಲ. ಲೀಗ್ ಇದನ್ನು ಬಿಡಿಸಿ ಹೇಳಲೇ ಇಲ್ಲ. ಹೇಳದೇ ಇದ್ದದ್ದರಿಂದಲೇ 1937ರಲ್ಲಿ ಮಣ್ಣು ಮುಕ್ಕಿದ ಪಕ್ಷ 1945-46ರಲ್ಲಿ ಕೇಂದ್ರ ಸಭೆಯ 30 ಮುಸ್ಲಿಂ ಸೀಟುಗಳನ್ನೂ ಗೆದ್ದಿತು ಅಂತ ನನ್ನ ಅನಿಸಿಕೆ.

ಉತ್ತರ: ಆಗುಂಬೆ_ಬಸ್ಸು

ಸರ್, ಒಪ್ಪಿದೆ ಅಂತ ಅಂದ್ಕೋಬೇಡಿ. ಆದರೆ ಒಂದು ಡೌಟು. ಇಷ್ಟು ದೊಡ್ಡ ವಿಷಯ, ತೆರಿಗೆ ಕಟ್ಟೋರ ವೋಟಿನ ಮೇಲೆ ತೀರ್ಮಾನ ಆಯ್ತಾ? ನಿಮಗೆ ಯಾವ ದೇಶ ಬೇಕು ಅಂತ ಜನರನ್ನ ನೇರವಾಗಿ ಎಲ್ಲೂ ಕೇಳಲೇ ಇಲ್ವಾ?

ಉತ್ತರ: ಕೊಳೆರೋಗ_ಮೇಷ್ಟ್ರು

ಒಳ್ಳೇ ಪ್ರಶ್ನೆ. ವಿಭಜನೆಗೆ ಮೊದಲು ಮತದಾರರ ಮುಂದೆ ನೇರವಾಗಿ ಇಟ್ಟದ್ದು ಎರಡೇ ಕಡೆ, ಎರಡೂ 1947ರ ಜುಲೈನಲ್ಲಿ. ಅಲ್ಲೂ ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ.

ಒಂದು ವಾಯವ್ಯ ಗಡಿ ಪ್ರಾಂತ್ಯ. ಅಲ್ಲಿ ಒಂದು ವರ್ಷದ ಹಿಂದೆ ಮುಸ್ಲಿಂ ಸೀಟುಗಳಲ್ಲೇ ಲೀಗಿಗಿಂತ ಕಾಂಗ್ರೆಸ್ ಜಾಸ್ತಿ ಗೆದ್ದಿತ್ತು, ಸರ್ಕಾರವೂ ಅದರದೇ. ಗಫಾರ್ ಖಾನರು ಪಖ್ತೂನಿಸ್ತಾನದ, ಅಂದರೆ ಪಠಾಣರದೇ ದೇಶದ, ಆಯ್ಕೆಯೂ ಇರಲಿ ಅಂದರು. ಕೊಡಲಿಲ್ಲ. ಅವರ ಕಡೆಯವರು ಬಹಿಷ್ಕಾರ ಹಾಕಿದರು. ಪಾಕಿಸ್ತಾನಕ್ಕೆ 2,89,244 ಮತ, ಭಾರತಕ್ಕೆ 2,874. ಈ ಅಂಕಿ ನೋಡಿ ಎಲ್ಲರೂ ಒಂದೇ ಕಡೆ ಇದ್ದರು ಅನ್ನೋರು, ಮತಗಟ್ಟೆಗೆ ಬಂದದ್ದು ಸುಮಾರು ಅರ್ಧದಷ್ಟು ಮತದಾರರು ಅನ್ನೋದನ್ನ ಹೇಳಲ್ಲ.

ಇನ್ನೊಂದು ಅಸ್ಸಾಮಿನ ಸಿಲ್ಹೆಟ್ ಜಿಲ್ಲೆ. ಅಲ್ಲಿ ನಿಜವಾದ ಪೈಪೋಟಿ ನಡೆಯಿತು. ಪೂರ್ವ ಬಂಗಾಳಕ್ಕೆ ಸೇರಲಿ ಅಂತ 2,39,619, ಅಸ್ಸಾಮಿನಲ್ಲೇ ಇರಲಿ ಅಂತ 1,84,041. ಜಿಲ್ಲೆ ಆ ಕಡೆ ಹೋಯಿತು. ಆದರೆ ರ‍್ಯಾಡ್‌ಕ್ಲಿಫ್ ಅನ್ನೋ ಬ್ರಿಟಿಷ್ ವಕೀಲ ಎರಡು ದೇಶದ ಗಡಿ ಗೆರೆ ಎಳೆದಾಗ ಕರೀಂಗಂಜ್ ಭಾಗ ಈ ಕಡೆಗೇ ಉಳಿಯಿತು. ಅದು ಇವತ್ತಿಗೂ ಅಸ್ಸಾಮಿನಲ್ಲಿದೆ.

ಬಲೂಚಿಸ್ತಾನದಲ್ಲಿ ಜನಮತ ಇಲ್ಲ. ಅಲ್ಲಿನ ಬುಡಕಟ್ಟು ಸರದಾರರ ಸಭೆಯಾದ ಜಿರ್ಗಾ, ಕ್ವೆಟ್ಟಾ ಮುನಿಸಿಪಾಲಿಟಿ ಸದಸ್ಯರು ಸೇರಿ ತೀರ್ಮಾನ ಮಾಡಿದರು. ಪಂಜಾಬ್, ಬಂಗಾಳ, ಸಿಂಧ್‌ನಲ್ಲಿ ಆಗಲೇ ಗೆದ್ದಿದ್ದ ಶಾಸಕರೇ ಕೈ ಎತ್ತಿದರು. ಮೈಸೂರಿನಂಥ ಸಂಸ್ಥಾನಗಳಲ್ಲಿ ಸಹಿ ಹಾಕಿದ್ದು ರಾಜರು.

ಟೀಚರ್, ನಿಮಗೆ ಲಖನೌ ಒಪ್ಪಂದದ ಪೂರ್ತಿ ಪಟ್ಟಿ ಬೇಕಾದರೆ ಮೆಸೇಜ್ ಮಾಡಿ, ಎಲ್ಲಾ ಪ್ರಾಂತ್ಯದ್ದೂ ಕಳಿಸುತ್ತೇನೆ. ಬಸ್ಸಿನವರು ಸಿಲ್ಹೆಟ್ ಬಗ್ಗೆ ಬೇರೆ ಥ್ರೆಡ್ ಶುರು ಮಾಡಲಿ, ಅಲ್ಲಿ ಹೇಳೋದು ಬಹಳ ಇದೆ. ಇವತ್ತು ಸಂಜೆ ಮಳೆ ಬಿಟ್ಟರೆ ನಾನು ಸಿಗಲ್ಲ, ತೋಟದಲ್ಲಿರುತ್ತೇನೆ.